ತೂಕಕ್ಕೆ ಕೊಂಡದ್ದು

ಬಂದರಿನ ಗುಜರಿಯಲ್ಲಿ ಅದನ್ನು ತಕ್ಕಡಿಗೆ ಹಾಕಿದರು,
ಹಳೇ ಫ್ಯಾನು, ಹಿಡಿಯಿಲ್ಲದ ಬಾಣಲೆಯ ಜೊತೆಗೆ.
ಬಾಣಲೆ ಇಳಿಸಿ ಎಂದೆ. ಫ್ಯಾನೂ.
ಹದಿಮೂರು ಕಿಲೋ ಇನ್ನೂರು ಗ್ರಾಮು,
ಕಿಲೋಗೆ ಮೂವತ್ತನಾಲ್ಕರಂತೆ.

ನಾನು ಹಲ್ಲು ಕಟ್ಟುವವಳು. ಫಳ್ನೀರಿನಲ್ಲಿ,
ಡಾಕ್ಟರ ಹಿಂದಿನ ಕೋಣೆಯಲ್ಲಿ, ಮೂವತ್ತು ವರ್ಷ:
ಮೇಣ, ಪ್ಲಾಸ್ಟರು, ಗುಲಾಬಿ ಒಸಡು.
ಕಂಡಿರದವರ ಬಾಯಿ ನನ್ನ ಅಂಗೈಯಲ್ಲಿ ಕಚ್ಚಿ ನೋಡುತ್ತದೆ.
ಹಾಗಾಗಿ ಮೊದಲು ಎಣಿಸಿದ್ದು ಚೈನ್‌ವೀಲಿನ ಹಲ್ಲು.
ನಲವತ್ತಾರು. ಒಂದೂ ಸವೆದಿಲ್ಲ.
ಎಲ್ಲ ಏರನ್ನೂ ಇಳಿದು, ದೂಡಿಕೊಂಡೇ
ಹತ್ತಿದವರದಿರಬೇಕು.

ಮಾಹೆಯಿಂದ ಬಂದದ್ದಂತೆ, ಫ್ರೆಂಚರು ಹೋದ ಮೇಲೆ,
ರೈಲಿನಲ್ಲಿ, ಗೋಣಿ ಸುತ್ತಿಕೊಂಡು.
'ಅಂತೆ'ಯ ಕೆಳಗೆ ಏನೂ ಸಿಗಲಿಲ್ಲ.
ಬಣ್ಣದ ಕೆಳಗೆ ಸಿಕ್ಕಿತು:
ಮೇಲೆ ಗೇಟಿಗೆ ಬಳಿಯುವ ಬೆಳ್ಳಿ,
ನಡುವೆ ದೋಣಿಗೆ ಬಳಿಯುವ ಹಸುರು,
ಅಡಿಯಲ್ಲಿ, ಸೋಪಿನ ನೀರು ಹಚ್ಚಿ ಹಲ್ಲಿನ ಕೊಕ್ಕೆಯಲ್ಲಿ
ಹನ್ನೆರಡು ರಾತ್ರಿ ಕೆರೆದ ಮೇಲೆ,
ಪುನರ್ಪುಳಿ ಶರಬತ್ತಿನ ಕೆಂಪು.
ಅದರ ಅಂಚಿಗೆ ಚಿನ್ನದ ಗೆರೆ, ಕೂದಲಿಗಿಂತ ತುಸು ದಪ್ಪ.
ಕೈಯಲ್ಲೇ ಎಳೆದದ್ದು; ಒಂದು ಕಡೆ ನಡುಗಿದೆ.
ಸೀನು ಬಂದಿರಬೇಕು ಅವನಿಗೆ.

ಮೇಲ್ದವಡೆಯ ಅಳತೆಗೆ ಬಂದ ಸಿಸ್ಟರ್ ಎವುಲಾಲಿಯಾ
ಅಳಿದುಳಿದ ಅಕ್ಷರಗಳನ್ನು ಕನ್ನಡಕ ಏರಿಸಿ ಓದಿದರು:
"ಊರಿನ ಹೆಸರಮ್ಮ. ಸಂತ ಸ್ತೇಫನನ ಊರು.
ಕಲ್ಲೇಟಿಗೆ ಸತ್ತನಲ್ಲ, ಅವನದು."
ಮೇಲಿನ ಕೊಳವೆಯಲ್ಲಿದ್ದ ಮೂರು ತಗ್ಗುಗಳನ್ನು
ಆಮೇಲೆ ನಾನು ತುಂಬಲು ಹೋಗಲಿಲ್ಲ.

ಉಳಿದದ್ದು ಕುದ್ರೋಳಿಯ ಮೋನಬ್ಬರ ಪಾಲಿಗೆ.
"ಎಂತ ಬಾಯಮ್ಮ ಇದು,
ನಮ್ಮ ಒಂದು ಪಾನಾವೂ ಕೂರುವುದಿಲ್ಲ ಮಾರಾಯ್ರೆ."
ಪೆಡಲ್ ಅಕ್ಸಲಿನ ಬಲಗಡೆಯ ಕಪ್
ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ:
ಹನ್ನೊಂದನೇ ವಯಸ್ಸಿನಲ್ಲಿ ಕಿವಿ ಹಿಂಡಿಸಿಕೊಂಡು ಕಲಿತದ್ದು,
ಅರುವತ್ತು ವರ್ಷ ಸುಳ್ಳಾಗದೆ ಉಳಿದದ್ದು.
ಸೀಮೆಎಣ್ಣೆ ಕುಡಿಸಿದರು. ಬಲಕ್ಕೆ.
ಪಾನಾಕ್ಕೆ ಪೈಪು ಸಿಕ್ಕಿಸಿದರು. ಬಲಕ್ಕೆ.
ಅಳಿಯ ಬಂದು ಜೋತುಬಿದ್ದ. ಬಲಕ್ಕೇ.
ಮೂರನೇ ದಿನ ಅಸರ್ ನಮಾಜು ಮುಗಿಸಿ ಬಂದವರು
ನೀರಿನ ಬಾಟಲಿಯ ಮುಚ್ಚಳ ತಿರುವುತ್ತ
ಅರ್ಧಕ್ಕೆ ನಿಂತರು.
ಬಾಟಲಿ ಕೆಳಗಿಟ್ಟು, ನನ್ನ ಕಡೆ ನೋಡದೆ,
ಪಾನಾವನ್ನು ಎಡಕ್ಕೆ ಒತ್ತಿದರು.

ಕಿರ್ರೆಂದಿತು, ಒಂದೇ ಸಲ.
ಒಳಗೆ ಹಳೇ ಬೆಲ್ಲದಂತೆ ಗಟ್ಟಿಯಾದ ಗ್ರೀಸು,
ಅದರಲ್ಲಿ ಹೂತ ಹನ್ನೊಂದು ಗುಂಡು, ಒರೆಸಿದರೆ ಮಿನುಗುವಂಥವು.
"ಮೂರು ದಿನ ಕಟ್ಟುತ್ತಾ ಇದ್ದೆ," ಅಂದರು ಮೋನಬ್ಬ,
"ಬಿಚ್ಚುತ್ತಾ ಇದ್ದೇನೆ ಅಂತ."
ಆ ಮೂರು ದಿನದ ಕೂಲಿ ಮುಟ್ಟಲಿಲ್ಲ.

ಟಯರಿಗಾಗಿ ಪುಣೆಗೆ, ಕೊಚ್ಚಿಗೆ ಫೋನು ಹಚ್ಚಿದೆ;
ಒಬ್ಬ ಹೇಳಿದ ಬೆಲೆಗೆ ಎರಡು ಸೆಟ್ಟು ಹಲ್ಲು ಕಟ್ಟಬಹುದಿತ್ತು.
ಮೋನಬ್ಬ ರಿಮ್ಮಿಗೆ ಗೇಣು ಹಾಕಿ ನೋಡಿ
ಕೊಕ್ಕೆಯಿಂದ ಲೇಡೀಸ್ ಸೈಕಲ್ಲಿನ ಟಯರು ಇಳಿಸಿದರು,
ಇಪ್ಪತ್ತಾರು–ಒಂದೂವರೆ, ಧೂಳು ಹಿಡಿದದ್ದು.
ಕೂತಿತು. ಕತ್ತಲೆಯಲ್ಲೂ ತನ್ನ ಚಪ್ಪಲಿಗೇ
ಕಾಲು ತೂರುತ್ತದಲ್ಲ, ಹಾಗೆ.

ಭಾನುವಾರ ಮೊದಲ ಪೂಜೆ ತಪ್ಪಿಸಿ ಹೊರಟೆ.
ಲೈಟ್‌ಹೌಸ್ ಹಿಲ್ಲಿನ ಏರು, ಐವತ್ತೆಂಟರ ಮಂಡಿ.
ಕೊಳವೆಗಂಟಿದ ಪುಟ್ಟ ಸನ್ನೆಯನ್ನು ಬೆರಳು ಹುಡುಕಿತು:
ತಡವರಿಕೆ, ಖಟ್, ಆಮೇಲೆ ಸರಪಳಿ ಮೆತ್ತಗೆ
ದೊಡ್ಡ ಹಲ್ಲಿಗೆ ಹತ್ತಿತು. ನಾನು ಇಳಿಯಲಿಲ್ಲ.
ಇಳಿಜಾರಿನಲ್ಲಿ ಬ್ರೇಕು ಕಿರುಚಿದ್ದು ಹಂಪನಕಟ್ಟೆಗೇ ಕೇಳಿತು,
ನಾಯಿಗಳು ಎದ್ದು ನಿಂತವು. ಬೂತಾಯಿ ಬುಟ್ಟಿ ಹೊತ್ತವಳು
"ಬಾಯಮ್ಮಾ, ಎಣ್ಣೆ ಬಿಡಿ ಅದಕ್ಕೆ!" ಅಂದಳು.
ಬ್ರೇಕಿಗೆ ಎಣ್ಣೆ ಬಿಡಬಾರದು ಎಂದು ಹೇಳುವಷ್ಟರಲ್ಲಿ
ನಾನು ಕೆಳಗಿದ್ದೆ.

ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ ದೋಣಿ.
ಸೈಕಲ್ಲಿಗೆ ಬೇರೆ ಟಿಕೆಟು ಎಂದ ಹುಡುಗ
ಬಗ್ಗಿ, ಚಿನ್ನದ ಗೆರೆಯ ಮೇಲೆ ಬೆರಳಾಡಿಸಿ
ನಡುಗಿದಲ್ಲಿಗೆ ಬಂದು ನಿಲ್ಲಿಸಿದ.
"ಇಲ್ಲಿ ತಪ್ಪಿದೆಯಲ್ಲ?"
ಹೌದು.
"ಎಷ್ಟು ಕೊಟ್ಟಿರಿ?"
ನಾನೂರ ನಲವತ್ತೆಂಟು ರೂಪಾಯಿ ಎಂಬತ್ತು ಪೈಸೆ. ತೂಕಕ್ಕೆ.
ನಕ್ಕ. ಮುಂದಿನ ಹಲ್ಲೊಂದು ಇರಲಿಲ್ಲ;
ಕಣ್ಣಲ್ಲೇ ಅಳತೆ ತೆಗೆದುಕೊಂಡೆ.
ಅಷ್ಟರಲ್ಲಿ ದೋಣಿ ವಾಲಿತು,
ಇಬ್ಬರೂ ಸೈಕಲ್ಲನ್ನು ಹಿಡಿದುಕೊಂಡೆವು.