ಒಳಮೈ

ಕೆಟ್ಟರಿಂಗ್‌ನ ಹೈಸ್ಟ್ರೀಟಿನ ದೊಡ್ಡಂಗಡಿ.
ಮೊದಲ ಮಹಡಿ, ಹೆಂಗಸರ ವಿಭಾಗ, ಮಂಗಳವಾರ.
ನೋರೀನ್ ಒಂದು ಕಾರ್ಡಿಗನ್ ಎತ್ತಿ
ಜರಡಿ ಹಿಡಿದಂತೆ ಬೆಳಕಿಗೆ ಹಿಡಿಯುತ್ತಾಳೆ.
"ಕಾಣ್ತಿದೀಯ," ಅನ್ನುತ್ತಾಳೆ ಅದರ ಆಚೆಯಿಂದ,
"ನಿನ್ನ ಕನ್ನಡಕದ ಬಿರುಕೂ ಕಾಣ್ತಿದೆ."

ನಾವು ಬಂದದ್ದು ಒಂದು ಕಪ್ಪು ಪ್ಯಾಂಟಿಗೆ, ಅಷ್ಟೆ.
ಸೊಂಟ ಸೊಂಟದಲ್ಲೇ ಇರಬೇಕು,
ಕೂತರೆ ಕೂರಗೊಡಬೇಕು.
ಇದೆ, ಕಣಕಾಲಿಗಿಂತ ನಾಲ್ಕು ಬೆರಳು ಮೇಲೆಯೇ
ನಿಂತುಬಿಟ್ಟದ್ದು;
ಬಟ್ಟೆ ಸಾಲಲಿಲ್ಲವೋ ಫ್ಯಾಷನ್ನೋ ಯಾರನ್ನು ಕೇಳುವುದು?
ಜೇಬಿದೆ, ಬಾಯಿ ಹೊಲಿದಿದೆ.
ಉಗುರಿನಿಂದ ಕೆದಕಿದರೆ ಹಿಂದೆ ಚೀಲವೇ ಇಲ್ಲ,
ಗೋಡೆಯ ಮೇಲೆ ಬರೆದ ಬಾಗಿಲು.
ಭುಜಕ್ಕೆ ತೂತು ಕೊರೆದ ಬ್ಲೌಸು, ಈ ನವೆಂಬರಿನಲ್ಲಿ.
ಜಂಪರಿನ ಎದೆಯ ಮೇಲೆ ಮಿಣುಕು ಅಕ್ಷರಗಳಲ್ಲಿ
ಖುಷಿಯಾಗಿರು ಎಂದು ಅಪ್ಪಣೆ.
ಬಣ್ಣವೋ, ಸಾಸಿವೆ, ಹಳಸಿದ ಸಾಸಿವೆ,
ಆಮೇಲೆ ಆಸ್ಪತ್ರೆ ಗೋಡೆಯ ಹಸಿರು.
ಹದಿನಾಲ್ಕನೇ ಅಳತೆ? ಆರು ಇದೆ, ಇಪ್ಪತ್ತೆರಡು ಇದೆ.
ನಡುವಿನ ಊರೆಲ್ಲ ಬೆತ್ತಲೆ ತಿರುಗಬೇಕೇನೋ.

ಟ್ರಯಲ್ ರೂಮಿನ ಪರದೆ ಸರಿಸಿ ಎರ್ಮಿನ್ ಹೊರಬರುತ್ತಾಳೆ,
ಮೂವತ್ತು ವರ್ಷ ನರ್ಸಾಗಿದ್ದವಳು,
ಮೊಮ್ಮಗಳ ನಾಮಕರಣಕ್ಕೆ ಉಡುಪು ಬೇಕಿತ್ತು.
"ಇದನ್ನುಟ್ಟು ಚರ್ಚಿಗೆ ಹೋದರೆ
ಪಾದ್ರಿ ಮಗುವನ್ನು ಬಿಟ್ಟು
ನನ್ನನ್ನೇ ನೀರಲ್ಲಿ ಅದ್ದುತ್ತಾನೆ."
ಪಕ್ಕದ ಪರದೆಯ ಹಿಂದೆ ಯಾರೋ ನಕ್ಕರು.
ಟಾಮ್ಸಿನ್ ಅಂತೆ, ಇನ್ನೂ ಮೂವತ್ತು ತುಂಬಿಲ್ಲ,
ನಾಳೆ ಇಂಟರ್‌ವ್ಯೂ, ಶರ್ಟಿನ ಮೂರನೇ ಗುಂಡಿ
ಉಸಿರೆಳೆದರೆ ಬಾಯಿ ಬಿಡುತ್ತದೆ.
ಹಾಗಾದರೆ ಇದು ನಮ್ಮ ವಯಸ್ಸಿನ ತಪ್ಪಲ್ಲ.
ಯಾಕೋ ಸ್ವಲ್ಪ ಸಮಾಧಾನವಾಯಿತು.

ನೋರೀನ್ ಮಾತ್ರ ನಗಲಿಲ್ಲ.
ಕಾರ್ಡಿಗನ್ನನ್ನು ಮಗುಚಿ ಒಳಮೈ ಓದುತ್ತಿದ್ದಳು.
ಡೆಸ್ಬರೋದ ಕಾರ್ಖಾನೆಯಲ್ಲಿ, ಇದೇ ಅಂಗಡಿಯ ಹೆಸರಿಗೆ
ಇಪ್ಪತ್ತೆರಡು ವರ್ಷ ಹೊಲಿದವಳು ಆಕೆ.
ಅಂಗುಲಕ್ಕೆ ಹನ್ನೆರಡು ಹೊಲಿಗೆ.
ಹನ್ನೊಂದಾದರೆ, ಪಿಕರಿಂಗ್ ಎಂಬ ತಪಾಸಣೆಯವನು
ಹಳದಿ ಸೀಮೆಸುಣ್ಣದ ಗೀಟೆಳೆದು ಪೆಟ್ಟಿಗೆಯನ್ನೇ ವಾಪಸು ಕಳಿಸುತ್ತಿದ್ದ.
ಒಮ್ಮೆ ದಾರದ ಬಣ್ಣ ಒಂದೆಳೆ ಮಸುಕೆಂದು
ನಲವತ್ತೆಂಟು ಕಾಲರು ಬಿಚ್ಚಿದ್ದಳಂತೆ,
ಅಳುತ್ತ, ಅವನ ಏಳು ತಲೆಮಾರನ್ನು ಬೈಯುತ್ತ.
ಈಗ ಅವನಿದ್ದಿದ್ದರೆ ಅನ್ನುತ್ತಾಳೆ.

ಕಾರ್ಖಾನೆ ಈಗ ಫ್ಲ್ಯಾಟುಗಳು.
ಲೇಬಲ್ಲಿನಲ್ಲಿ ಬೇರೆ ದೇಶದ ಹೆಸರು.
ಬೈಯುತ್ತಾಳೆ ಅಂದುಕೊಂಡೆ ನಾನು.
ಆಕೆ ಕಂಕುಳ ಸಂದಿನ ಹೊಲಿಗೆಯ ಮೇಲೆ ಬೆರಳಾಡಿಸಿ
"ಒಳ್ಳೆ ಕೈ," ಅಂದಳು. "ನೋಡು, ಇಲ್ಲಿವರೆಗೆ ಎಷ್ಟು ನೇರ.
ಇಲ್ಲಿಂದ ಓಡಿದ್ದಾಳೆ.
ಯಾರೋ ಹಿಂದೆ ನಿಂತು ಗಡಿಯಾರ ನೋಡಿದ್ದಾರೆ."

ಕೈಚೀಲದಿಂದ ಸೂಜಿ ತೆಗೆದಳು, ಬೂದು ದಾರ.
ಜೋತಾಡುತ್ತಿದ್ದ ಗುಂಡಿಗೆ ನಾಲ್ಕು ಸುತ್ತು,
ಬುಡಕ್ಕೊಂದು ಗಂಟು, ಹಲ್ಲಿನಿಂದ ಕಡಿದಳು.
ಅಂಗಡಿಯ ಹುಡುಗಿ ಬಂದು ನಿಂತಿದ್ದು ನಾವು ನೋಡಲಿಲ್ಲ.
"ತಗೋತೀರಾ ಅದನ್ನ?"
"ಅಯ್ಯೋ ಇಲ್ಲ ಮರೀ," ಅಂದಳು ನೋರೀನ್,
ಹ್ಯಾಂಗರಿಗೆ ಹಾಕಿ, ಭುಜ ನೀವಿ,
"ಸ್ವಲ್ಪ ಕೆಲಸ ಬಾಕಿ ಇತ್ತು."

ಕೆಳಗಿಳಿದು ಕ್ರಂಪೆಟ್ ತಿಂದೆವು.
ತಿಂಡಿ ಮಾತ್ರ ಇನ್ನೂ ಕೆಟ್ಟಿಲ್ಲ.
ಬಸ್ಸಿನಲ್ಲಿ ಆಕೆ ಕಾಲ ಮೇಲೆ ಕಾಲು ಹಾಕಿ ಕೂತಾಗ ಕಂಡೆ:
ಮೊಣಕಾಲು ಸವೆದು ಹೊಳೆಯುವ ಹಳೆಯ ಕಪ್ಪು ಪ್ಯಾಂಟು,
ಅಂಚು ಎರಡು ಸಲ ಮಡಿಚಿ ಹೊಲಿದದ್ದು,
ಜೇಬಿನಲ್ಲಿ ಮಣಿಕಟ್ಟಿನವರೆಗೂ ಕೈ.
ಮುಂದಿನ ಮಂಗಳವಾರ ನಾರ್ತಾಂಪ್ಟನ್ನಿನಲ್ಲಿ ನೋಡಬೇಕು.