ನಡಾವಳಿ ಪುಸ್ತಕದಲ್ಲಿ ಇಲ್ಲದ್ದು

ಎರಡನೇ ಶನಿವಾರ. ಕೋರ್ಟಿಗೆ ರಜೆ.
ಬಂದರಿನ ಓಣಿಯಲ್ಲಿ ಒಣಮೀನಿನ ಗೋದಾಮು, ಅದರ ಮೇಲಣ ಕೋಣೆ.
ಮೆಟ್ಟಿಲು ಹದಿನೇಳು. ಹನ್ನೊಂದನೆಯದು ಸಡಿಲ.
ಹೊಸಬರಿಗೆ ಈ ಸಂಘ ಮೊದಲು ಕಲಿಸುವ ಕಾನೂನು ಅದು.

ಹಾಜರಿದ್ದವರು ಒಂಬತ್ತು ಮಂದಿ, ಎಂದು ಬರೆದಿದ್ದೇನೆ.
ಬ್ಯಾರಿಗಳು ಐವರು,
ಕೊಂಕಣಿ ಕ್ರಿಸ್ತುವರು ಇಬ್ಬರು, ಅದರಲ್ಲೊಬ್ಬಳು ನಾನು,
ಬಾಸೆಲ್ ಮಿಶನ್ನಿನ ಕಡೆಯ ಅಮ್ಮನ್ನ ಮೇಡಂ,
ಮತ್ತೆ ತುಕ್ರ.
ಕೊರಗರ ಕೇರಿಯಿಂದ ಮೊದಲ ಸಲ ಕರಿಕೋಟು ತೊಟ್ಟವನು.
ಈ ಲೆಕ್ಕ ಪುಸ್ತಕದಲ್ಲಿಲ್ಲ. ಅಲ್ಲಿರುವುದು ಸಹಿ ಮಾತ್ರ.

ಅವನು ಸೇರುವಾಗ ಬೈಲಾ ತೆರೆದು ತೋರಿಸಿದವರುಂಟು:
ಅಲ್ಪಸಂಖ್ಯಾತರ ಪಟ್ಟಿಯಲ್ಲಿ ಇವರ ಹೆಸರಿಲ್ಲವಲ್ಲ ಮೇಡಂ?
ಅಮ್ಮನ್ನ ಮೇಡಂ ಕನ್ನಡಕ ಒರೆಸಿಕೊಂಡರು.
'ಇಡೀ ಬಾರಿಗೆ ಒಬ್ಬನೇ ಇದ್ದಾನೆ ಮಾರಾಯ್ರೆ,
ಒಂದಕ್ಕಿಂತ ಅಲ್ಪ ಸಂಖ್ಯೆ ಎಂತ ಉಂಟು?'
ಸರ್ವಾನುಮತ.

ವಿಷಯ ಒಂದು, ಚಂದಾ ಬಾಕಿ.
(ಯಾರ ಬಾಕಿ ಎಂದು ಬರೆದಿಲ್ಲ. ನನ್ನದೂ ಉಂಟು.)
ವಿಷಯ ಎರಡು, ಮೆಟ್ಟಿಲು ರಿಪೇರಿ. ಮುಂದೂಡಲಾಯಿತು.
ವಿಷಯ ಮೂರು ಚೀಟಿಯಲ್ಲಿ ಇರಲೇ ಇಲ್ಲ.
ರಮ್ಲತ್ ಎದ್ದು ನಿಂತಳು, ಸನದು ಸಿಕ್ಕಿ ಆರು ತಿಂಗಳು.

ಗುರುವಾರ, ಕೊರಳಲ್ಲಿ ಬಿಳಿ ಬ್ಯಾಂಡು,
ಕೋಟಿನ ಮೇಲೆ ಗೌನು, ತಲೆಯ ಮೇಲೆ ಕರಿ ಸ್ಕಾರ್ಫು,
ಕೈಯಲ್ಲಿ ವಕಾಲತ್ತು.
ಬೆಂಚ್ ಕ್ಲಾರ್ಕ್ ತಲೆ ಎತ್ತದೆಯೇ ಹೇಳಿದನಂತೆ:
ಸಾಕ್ಷಿಗಳೆಲ್ಲ ಹೊರಗೆ.

ಯಾರೂ ನಗಲಿಲ್ಲ.
ನಕ್ಕಿದ್ದರೆ ಉತ್ತರ ಕೊಡಬಹುದಿತ್ತು, ಎಂದಳು.
ಕಾಲು ತಾನಾಗಿ ಹೊರಗೆ ನಡೆಯಿತು.
ಜಗಲಿಯ ಬೆಂಚಲ್ಲಿ ನಿಜವಾದ ಸಾಕ್ಷಿಯೊಬ್ಬ
ಸರಿದು ಜಾಗ ಕೊಟ್ಟ.
ಒಳಗಿಂದ ಅವಳ ಕೇಸಿನ ನಂಬರು ಮೂರು ಸಲ ಕೂಗಿದರು.
ಕೂತಲ್ಲಿಂದ ಏಳಲಾಗಲಿಲ್ಲ.

ಆಮೇಲೆ ಒಂದು ಗಂಟೆ ನಾವೇ ನಾವು ಜಗಳಾಡಿದೆವು.
ಜಿಲ್ಲಾ ಜಡ್ಜಿಗೆ ಅರ್ಜಿ ಎಂದರು ಒಬ್ಬರು.
ಅರ್ಜಿ ಬರೆದರೆ ಕ್ಲಾರ್ಕಿನ ಕೆಲಸ ಹೋಗುತ್ತದೆ,
ಅವನಿಗೂ ಎರಡು ಮಕ್ಕಳು, ಎಂದರು ಇನ್ನೊಬ್ಬರು.
ದೊಡ್ಡ ಸಂಘದ ಜೊತೆ ಹಗೆ ಬೇಡ,
ಅವರ ಲೈಬ್ರರಿ ನಮಗೆ ಬೇಕು, ಎಂದರು ಹಿರಿಯ ಸೂಫಿಯಬ್ಬ.
ಹಾಗಾದರೆ ನಾವು ಯಾಕೆ, ಚಾ ಕುಡಿಯಲಿಕ್ಕಾ?
ಇದನ್ನು ಕೇಳಿದ್ದು ನಾನು. ಬರೆದಿಲ್ಲ.
ಗೋಳಿಬಜೆ ತಣ್ಣಗಾಗಿ ಕಾಗದಕ್ಕೆ ಎಣ್ಣೆ ಬಿಟ್ಟಿತು.

'ಕಿರಿಯ ಸದಸ್ಯರಿಗೆ ಅಗತ್ಯ ಸಹಕಾರ ನೀಡುವುದೆಂದು
ತೀರ್ಮಾನಿಸಲಾಯಿತು.' ನನ್ನದೇ ಅಕ್ಷರ.
ಅದರ ಅರ್ಥ ಇಷ್ಟು:
ಸೋಮವಾರದಿಂದ ದಿನಕ್ಕಿಬ್ಬರು
ಕೇಸಿಲ್ಲದೆ ಆ ಹಾಲಿಗೆ ಹೋಗಿ ಹಿಂದಿನ ಸಾಲಲ್ಲಿ ಕೂತರು.
ಮಾತಿಲ್ಲ. ಫೈಲಿಲ್ಲ.
ರಮ್ಲತ್ ಒಳಗೆ ಬಂದಾಗ
ಎದ್ದು, ಸರಿದು, ಜಾಗ ಕೊಟ್ಟರು, ಅಷ್ಟೇ.

ಮೂರನೇ ದಿನ ಕ್ಲಾರ್ಕ್ ಕೇಳಿದ: ನಿಮ್ಮದು ಯಾವ ಕೇಸು?
'ದಾಲ ಇಜ್ಜಿ' ಎಂದ ತುಕ್ರ, ಬ್ಯಾಂಡು ನೇರ ಮಾಡಿಕೊಂಡು.
ಏನೂ ಇಲ್ಲ.
ಅಂದು ಅವನು ತೊಟ್ಟದ್ದು ಸಂಘದ ಕೋಟು:
ಮೊಳೆಗೆ ನೇತುಹಾಕಿದ, ತೀರಿಹೋದ ಪೊಡಿಯಬ್ಬ ವಕೀಲರದ್ದು.
ಕೋಟಿಲ್ಲದೆ ಬಂದವರಿಗೆಲ್ಲ ಅದೇ.
ಭುಜ ಎರಡು ಸಲ ಬಿಡಿಸಿ ಹೊಲಿಸಿದ್ದೇವೆ,
ಒಳಜೇಬಿನ ಲವಂಗ ಮಾತ್ರ ಯಾರೂ ತೆಗೆಯುವುದಿಲ್ಲ.

ಕ್ಲಾರ್ಕ್ ಬದಲಾದನಾ? ಗೊತ್ತಿಲ್ಲ.
ಈಗ ತಲೆ ಎತ್ತುತ್ತಾನೆ. ನೋಡಿದ ಮೇಲೆ ಕೂಗುತ್ತಾನೆ.
ಅದನ್ನು ಗೆಲುವು ಎಂದು ಬರೆಯಲು ನನ್ನ ಪೆನ್ನು ಒಪ್ಪಲಿಲ್ಲ.

ಮತ್ತೆ ಎರಡನೇ ಶನಿವಾರ.
ಮೀನಿನ ವಾಸನೆ ನೆಲದ ಬಿರುಕಿನಿಂದ ಮೇಲೇರುತ್ತಿದೆ.
ಕೆಳಗೆ ರಮ್ಲತಳ ಸ್ವರ, ಜೊತೆಗೆ ಗುರುತಿಲ್ಲದ ಚಪ್ಪಲಿಯ ಸದ್ದು.
'ಜಾಗ್ರತೆ ಆಯ್ತಾ, ಇನ್ನೊಂದು ಹತ್ತಿದರೆ ಹನ್ನೊಂದನೆಯದು,
ಗೋಡೆ ಹಿಡ್ಕೊಳ್ಳಿ.'

ಹಾಜರಿಯ ಕೆಳಗೆ ಒಂದು ಗೆರೆ ಖಾಲಿ ಬಿಟ್ಟೆ.