ಗೆರೆ ಬಿಟ್ಟು

ಹೊನ್ನೂರ್‌ಸಾಬ್ ಸರ್ ಹಾಜರಿ ತೆಗೆದುಕೊಳ್ಳುವುದು
ಹೆಸರಿನದಲ್ಲ, ಕೈಗಳದು.
ಬಳೆ ತೆಗಿ. ಉಂಗುರ ತೆಗಿ.
ವೇಲು ಸೊಂಟಕ್ಕೆ ಬಿಗಿ, ಜಡೆ ಅಂಗಿಯೊಳಗೆ.
"ಮಷೀನಿಗೆ ಗಂಡು ಹೆಣ್ಣು ತಿಳಿಯಂಗಿಲ್ಲ ಯವ್ವಾ,
ಸಡಿಲ ಇದ್ದದ್ದು ಅಷ್ಟೇ ತಿಳೀತದ."

ತಗಡಿನ ಮಾಡಿನ ಕೆಳಗೆ ಹದಿನೆಂಟು ಹುಡುಗರು, ಹನ್ನೊಂದು ವೈಸು.
ಮಾರ್ಚಿ ತಿಂಗಳಿಗೇ ಬಳ್ಳಾರಿಯಲ್ಲಿ
ಉಕ್ಕಿನ ಸ್ಕೇಲು ಮುಟ್ಟಿದರೆ ಚುರುಕ್ಕೆನ್ನುತ್ತದೆ;
ಎರ್ರಿಸ್ವಾಮಿ ಅದನ್ನು ಬಕೆಟ್ಟಿನ ನೀರಲ್ಲಿ ಅದ್ದಿ
ಜಳಕ ಮಾಡಿಸಿ ತರುತ್ತಾನೆ.

ಮೇಲಿನ ಕೋಣೆಯಲ್ಲಿ, ಕಾಗದದ ಮೇಲೆ,
ನನ್ನ ಸ್ಟ್ಯಾಂಡು ಸರಿಯಾಗಿಯೇ ನಿಂತಿತ್ತು:
ದಾರದ ಕೋನು ಸಿಕ್ಕಿಸಲು ಆರು ಗೂಟ,
ನಾಲ್ಕು ಕಾಲು, ಮೊಳೆ ಒಂದೂ ಇಲ್ಲ.
ಉದ್ದ, ಅಗಲ, ಎತ್ತರ
ಮೂರೂ ಪೆನ್ಸಿಲ್ಲಿನ ಮಾತು ಕೇಳಿದ್ದವು.
ಮೆಟ್ಟಿಲಿಳಿದು ಬಂದರೆ
ಹಲಗೆಗೆ ದಪ್ಪವಿತ್ತು.

ದಪ್ಪ ಅಂದರೇನು, ನನಗೆ ಯಾರೂ ಹೇಳಿರಲಿಲ್ಲ.
ನಮ್ಮನೆಯಲ್ಲಿ ಎಲ್ಲವೂ ಚಪ್ಪಟೆ.
ಹಾಸಿದ ಡೆನಿಮ್ಮು, ಅದರ ಮೇಲೆ ಬಳಪದ ಗೆರೆ,
ಕೌಲ್ ಬಜಾರಿನ ಓಣಿಯ ತಂತಿಗೆ
ತಲೆಕೆಳಗಾಗಿ ಒಣಗುವ ನೀಲಿ ಕಾಲುಗಳು,
ಗಾಳಿ ಬಂದಾಗ ಮಾತ್ರ
ಒಳಗೆ ಯಾರೋ ಇದ್ದಂತೆ.

ಮೂಲೆಮಟ್ಟ ಇಟ್ಟೆ, ಗೆರೆ ಎಳೆದೆ,
ಗೆರೆಯ ಮೇಲೇ ಗರಗಸ ಓಡಿಸಿದೆ.
ಒಂದು ಕೂದಲೆಳೆ ಆಚೀಚೆ ಆಗಲಿಲ್ಲ, ನೋಡಿ ಸರ್!
ಜೋಡಿಸಲು ಹೋದರೆ
ಹಲಗೆಯ ನಾಲಗೆ ಕಾಲಿನ ಗೂಡಿನಲ್ಲಿ
ಹಲ್ಲುದುರಿದ ಬಾಯೊಳಗಿನಂತೆ ಆಡಿತು.

ಸರ್ ಬೆಂಚಿನ ಮೇಲಿನ ಹೊಟ್ಟು ಚಿಟಿಕೆಯಲ್ಲೆತ್ತಿದರು.
"ಇದು ಎಲ್ಲಿಂದ ಬಂತು?"
"ಹಲಗೆಯಿಂದ."
"ಹಂಗಾದರ ಲೆಕ್ಕಕ್ಕ ಯಾಕ ಹಿಡೀಲಿಲ್ಲ?"

ಎರ್ರಿಸ್ವಾಮಿ ನಕ್ಕ.
ಅವನ ಡಬ್ಬಿಗೆ ಮುಚ್ಚಳವೇ ಹೊಂದಿರಲಿಲ್ಲ, ಆ ಮಾತು ಬೇರೆ.

ರಾತ್ರಿ ಕರೆಂಟು ಹೋದಾಗ
ಅವ್ವ ಕತ್ತರಿಸುವ ಮಷೀನು ನಿಲ್ಲಿಸಿ,
ಎಡಗೈಯ ಉಕ್ಕಿನ ಬಲೆಯ ಗವಸು ಕಳಚದೆಯೇ
ಮೊಬೈಲಿನ ಬೆಳಕಿನಲ್ಲಿ ಗೆರೆ ಎಳೆಯುತ್ತಿದ್ದಳು.
ಒಂದಲ್ಲ, ಎರಡು.
ಒಳಗಿನದು ಮೈಗೆ. ಹೊರಗಿನದು?
"ಹೊಲಿಗಿಗೂ ಹೊಟ್ಟಿ ಐತಲ್ಲ," ಅಂದಳು,
"ಅದರ ಅರ್ಧ ಇಂಚು ಅದಕ್ಕ ಬಿಡಬೇಕು.
ಇಲ್ಲಾಂದ್ರ ಮೈಯಾಗ ತಿಂತೈತಿ."

ಹತ್ತೊಂಬತ್ತು ವರ್ಷ ಆ ಎರಡು ಗೆರೆಗಳ ಪಕ್ಕದಲ್ಲೇ
ಉಂಡಿದ್ದೇನೆ, ಮಲಗಿದ್ದೇನೆ,
ಪರೀಕ್ಷೆಗೆ ಓದಿದ್ದೇನೆ.

ಮರುದಿನ ಹೊಸ ಹಲಗೆ. ಸಾಗುವಾನಿ ಕೊಡುವುದಿಲ್ಲ ನಮಗೆ,
ಹಳೇ ಪೆಟ್ಟಿಗೆ ಒಡೆದ ಪೈನು, ಗಂಟುಗಂಟು.
ಗೆರೆಯ ಹೊರಮಗ್ಗುಲಿಗೆ ಗರಗಸ ಇಟ್ಟೆ.
ಮೊದಲು ಹಿಂದಕ್ಕೆ, ಮೆಲ್ಲಗೆ, ಎರಡು ಸಲ,
ಕದ ತಟ್ಟಿ ಒಳಗೆ ಹೋದ ಹಾಗೆ.
ಆಮೇಲೆ ಅದೇ ದಾರಿ ಹಿಡಿಯಿತು.
ಗೆರೆ ಮರದ ಮೇಲೆಯೇ ಉಳಿಯಿತು, ಪೂರಾ,
ಕೊಯ್ದು ಮುಗಿದ ಮೇಲೂ ಕಾಣುತ್ತಿತ್ತು.
ಉಳಿಯಿಂದ ಸವರಿದೆ, ಊದಿದೆ, ಸವರಿದೆ,
ಕೊಡತಿಯ ಒಂದು ಪೆಟ್ಟು.
ನಾಲಗೆ ಗೂಡಿಗಿಳಿಯುವಾಗ
ಬಿರಡೆ ತೆಗೆದಾಗಿನ ಸದ್ದು, ಆದರೆ ಒಳಮುಖವಾಗಿ.

ನಿಲ್ಲಿಸಿದೆ.
ಮೂರು ಕಾಲು ನೆಲ ಮುಟ್ಟಿದವು.
ನಾಲ್ಕನೆಯದು ಇನ್ನೂ ಯೋಚಿಸುತ್ತಿತ್ತು.

ಸರ್ ಏನೂ ಅನ್ನಲಿಲ್ಲ. ಕುಡಿಯುತ್ತಿದ್ದ ಚಹಾದ ಗ್ಲಾಸನ್ನು
ಗೂಟಗಳ ನಡುವೆ ಇಟ್ಟು ಮೊಣಕಾಲೂರಿದರು.
ನಾನೂ ಊರಿದೆ.
ಗ್ಲಾಸಿನೊಳಗೆ ಚಹಾ ಎಡಕ್ಕೆ ವಾಲಿತ್ತು,
ಒಂದು ಜೋಳದ ಕಾಳಿನಷ್ಟು.

"ಯಾವ ಕಾಲು?"

ಅರ ಕೈಗೆತ್ತಿಕೊಂಡೆ. ಮತ್ತೆ ಕೆಳಗಿಟ್ಟೆ.
ಉಜ್ಜಿ ಉದುರಿದ್ದು ತಿರುಗಿ ಕಾಲಿಗೆ ಹತ್ತುವುದಿಲ್ಲ.
ಸ್ಕೇಲು ಹಿಡಿದು ಮೊದಲಿನಿಂದ
ನಾಲ್ಕನ್ನೂ ಅಳೆಯತೊಡಗಿದೆ.

ಚಹಾ ಆರಿತು.
ಅವರು ಗ್ಲಾಸು ಕೇಳಲಿಲ್ಲ.